ಲಂಡನ್ ಹೊರವಲಯದ ಹಳೇ ಪಬ್‌ಗಳು ಒಂದೊಂದಾಗಿ ಮುಚ್ಚುತ್ತಿರುವುದೇಕೆ? ನಮ್ಮ ಬೀದಿಯದನ್ನಾದರೂ ಉಳಿಸಿಕೊಳ್ಳಬಹುದೇ?

ನೀವು ಕೇಳಿರುವುದು ಎರಡು ಪ್ರಶ್ನೆ. ಹ್ಯಾರೋ ಕಡೆಯ ನಿಮ್ಮ ಹೈ ಸ್ಟ್ರೀಟ್‌ನಲ್ಲಿ ಅಂಗಡಿಗಳು ಹೋಗಿ ಈಗ 1930ರ ದಶಕದ ಪಬ್ಬಿಗೂ ‘ಮಾರಾಟಕ್ಕಿದೆ’ ಬೋರ್ಡು ಬಿದ್ದಿದೆ, ಜನ ಕುಡಿಯುವುದನ್ನೇ ಬಿಟ್ಟರಾ ಎಂಬುದು ಒಂದು. ಫ್ಲಾಟ್ ಆಗುವ ಮುಂಚೆ ಏನಾದರೂ ಮಾಡಬಹುದಾ ಎಂಬುದು ಇನ್ನೊಂದು. ಮಾಡಬಹುದು. ಆದರೆ ಕೈಯಲ್ಲಿರುವ ಸಮಯ ಬಹಳ ಕಡಿಮೆ. ಕೆಲಸವೆಲ್ಲ ಕಾಗದದ ಮೇಲೆ ನಡೆಯಬೇಕು, ಅದೂ ಮಾರಾಟಕ್ಕೆ ಮುಂಚೆ.

ಬ್ರಿಟನ್ನಿನಲ್ಲಿ 2000ದ ಹೊತ್ತಿಗೆ 60 ಸಾವಿರದಷ್ಟು ಪಬ್‌ಗಳಿದ್ದವು, ಈಗ 45 ಸಾವಿರದ ಆಸುಪಾಸು. ಇಂಗ್ಲೆಂಡಿನಲ್ಲಿ 2007ರ ಜುಲೈ 1ರಂದು ಬಂದ ಧೂಮಪಾನ ನಿಷೇಧ, ಸೂಪರ್ ಮಾರ್ಕೆಟ್ಟಿನ ಅಗ್ಗದ ಬಿಯರ್, 2008ರಿಂದ 2012ರವರೆಗೆ ಪ್ರತಿ ಬಜೆಟ್‌ನಲ್ಲೂ ಹಣದುಬ್ಬರಕ್ಕಿಂತ ಜಾಸ್ತಿ ಏರಿದ ಬಿಯರ್ ಸುಂಕ, ಇವನ್ನು ಎಲ್ಲರೂ ಹೇಳುತ್ತಾರೆ. ಸುಳ್ಳಲ್ಲ. ಆದರೆ ನನ್ನ ಲೆಕ್ಕದಲ್ಲಿ ದೊಡ್ಡ ಕಾರಣ ಕಟ್ಟಡದ ಒಡೆತನ. 1989ರ ಕಾನೂನು ದೊಡ್ಡ ಬ್ರೂವರಿಗಳು ತಮ್ಮ ಪಬ್‌ಗಳ ಪೈಕಿ ಹಲವದರ ಮೇಲಿನ ಹಿಡಿತ ಬಿಡಬೇಕು ಎಂದಿತು. ಕೈಬಿಟ್ಟವನ್ನು ಪಬ್ ಕಂಪನಿಗಳು ಸಾಲ ಮಾಡಿ ಕೊಂಡವು. ಅವುಗಳಿಗೆ ಬಿಯರ್ ಮಾಡಿ ಗೊತ್ತಿಲ್ಲ, ಗೊತ್ತಿರುವುದು ಬಾಡಿಗೆ ಮತ್ತು ‘ಟೈ’. ಟೈ ಅಂದರೆ ಪಬ್ ನಡೆಸುವವನು ಬಿಯರನ್ನು ಆ ಕಂಪನಿಯಿಂದಲೇ, ಹೊರಗಿನ ದರಕ್ಕಿಂತ ಹೆಚ್ಚು ಕೊಟ್ಟು ಕೊಳ್ಳಬೇಕು. ಸಾಲ ಕುತ್ತಿಗೆಗೆ ಬಂದಾಗ ಕಂಪನಿ ನೋಡುವುದು ಗಲ್ಲಾಪೆಟ್ಟಿಗೆಯನ್ನಲ್ಲ, ಕೆಳಗಿನ ನೆಲವನ್ನು. ಎರಡು ಮಹಾಯುದ್ಧಗಳ ನಡುವೆ ಹೊರವಲಯಗಳಲ್ಲಿ ಕಟ್ಟಿದ ಪಬ್‌ಗಳಿಗೆ ಕಾರು ನಿಲ್ಲಿಸಲು ಜಾಗ, ಹಿಂದೆ ತೋಟ, ಮೂಲೆ ನಿವೇಶನ ಎಲ್ಲ ಇರುತ್ತವೆ. ಬಿಲ್ಡರ್ ಕಣ್ಣಿಗೆ ಇದಕ್ಕಿಂತ ಚೆಂದದ ಸೈಟು ಎಲ್ಲಿ ಸಿಗಬೇಕು?

ಹೈ ಸ್ಟ್ರೀಟ್ ಬದಲಾದದ್ದೂ ಇದಕ್ಕೆ ಸೇರಿಕೊಂಡಿತು. 2009ರ ಜನವರಿಗೆ ವುಲ್‌ವರ್ತ್ಸ್, 2016ರಲ್ಲಿ ಬಿಎಚ್‌ಎಸ್, 2021ರಲ್ಲಿ ಡೆಬೆನಮ್ಸ್, 2023ರಲ್ಲಿ ವಿಲ್ಕೊ, ಹೀಗೆ ದೊಡ್ಡ ಅಂಗಡಿ ಸರಣಿಗಳು ಬಾಗಿಲು ಹಾಕಿದವು. ಅಷ್ಟಾಗಿ ಗಮನಕ್ಕೆ ಬಾರದ್ದು ಇನ್ನೊಂದಿದೆ: 2013ರಿಂದ ಆಫೀಸುಗಳನ್ನು ಪೂರ್ಣ ಪ್ಲಾನಿಂಗ್ (ಕಟ್ಟಡ ಕಟ್ಟಲು, ಬಳಕೆ ಬದಲಿಸಲು ಬೇಕಾದ ಅನುಮತಿ) ಅರ್ಜಿಯಿಲ್ಲದೆ ಫ್ಲಾಟ್ ಮಾಡಲು ಬಿಟ್ಟರು. ಕ್ರಾಯ್ಡನ್‌ನಂಥ ಊರುಗಳಲ್ಲಿ ಮಧ್ಯಾಹ್ನದ ಊಟಕ್ಕೂ ಸಂಜೆ ಐದೂವರೆಗೂ ಪಬ್ಬಿಗೆ ಬರುತ್ತಿದ್ದ ಗಿರಾಕಿ ಹಾಗೆ ಮಾಯವಾದ.

ಗಿರಾಕಿ ಕಡಿಮೆಯಾದರೆ ಬಿಯರೇ ಕೆಡುತ್ತದೆ. ಏಲ್ ಎಂಬ ಸಾಂಪ್ರದಾಯಿಕ ಬಿಯರ್ ಬರುವುದು ಫರ್ಕಿನ್ ಎಂಬ 9 ಗ್ಯಾಲನ್ನಿನ ಪೀಪಾಯಿಯಲ್ಲಿ, ಅಂದರೆ 72 ಪಿಂಟ್. ಅದರೊಳಗೆ ಯೀಸ್ಟ್ ಇನ್ನೂ ಜೀವಂತ. ನೆಲಮಾಳಿಗೆ 11ರಿಂದ 13 ಡಿಗ್ರಿಯಲ್ಲಿರಬೇಕು. ಪೀಪಾಯಿಗೆ ಗಾಳಿ ಬಿಟ್ಟು ನಲ್ಲಿ ಹಾಕಿದ ಮೇಲೆ ಹೆಚ್ಚುಕಡಿಮೆ ಮೂರು ದಿನದಲ್ಲಿ ಖಾಲಿಯಾಗಬೇಕು, ಇಲ್ಲದಿದ್ದರೆ ಸಪ್ಪೆಯಾಗಿ ಆಮೇಲೆ ಹುಳಿ ಹಿಡಿಯುತ್ತದೆ. ನಾಲ್ಕು ಪೀಪಾಯಿಗೆ ನಾಲ್ಕು ಹ್ಯಾಂಡ್ ಪಂಪ್ ಇಟ್ಟವನು ಮೂರು ದಿನಕ್ಕೆ 288 ಪಿಂಟ್, ದಿನಕ್ಕೆ ನೂರರ ಹತ್ತಿರ ಮಾರಬೇಕು. ಮಂಗಳವಾರ ನಲವತ್ತೇ ಹೋದರೆ ಬುಧವಾರ ಬಂದವನ ಗ್ಲಾಸಿಗೆ ಬೀಳುವುದು ಹಳೇ ಬಿಯರ್, ಅವನು ಮತ್ತೆ ಬರುವುದಿಲ್ಲ. ನಿಮ್ಮ ಪಬ್ ನಡೆಸುವವರಿಗೆ ಈಗಲೇ ಒಂದು ಮಾತು ಹೇಳಬಹುದಾದರೆ, ಪಂಪ್‌ಗಳನ್ನು ಎರಡಕ್ಕೆ ಇಳಿಸಲು ಹೇಳಿ.

ಹಳೆಯದೆಲ್ಲ ಬಂಗಾರ ಎನ್ನುವ ಮುಂಚೆ ಒಂದು ಮಾತು. 1960ರ ದಶಕದಲ್ಲಿ ಬರ್ಮಿಂಗ್‌ಹ್ಯಾಮ್ ಪಕ್ಕದ ಸ್ಮೆದಿಕ್‌ನಲ್ಲಿ ಹಲವು ಪಬ್‌ಗಳು ನಮ್ಮವರನ್ನು ಒಳಗೇ ಬಿಡುತ್ತಿರಲಿಲ್ಲ, ಬಿಟ್ಟರೂ ಬೇರೆ ಕೋಣೆ. 1965ರ ಕಾಯ್ದೆ ಬಂದ ಮೇಲೆ ಅದು ಕಾನೂನುಬಾಹಿರವಾಯಿತು. ಮುಂದೆ ಅದೇ ಪ್ರದೇಶದಲ್ಲಿ ಪಂಜಾಬಿಗಳು ಮುಳುಗುತ್ತಿದ್ದ ಪಬ್‌ಗಳನ್ನು ಹಿಡಿದು, ಅಡುಗೆಮನೆಯಲ್ಲಿ ತಂದೂರ್ ಇಟ್ಟು, ಮಿಕ್ಸ್‌ಡ್ ಗ್ರಿಲ್ ಮಾರಿ ‘ದೇಸಿ ಪಬ್’ ಮಾಡಿದರು. ಬಿಯರ್‌ಗಿಂತ ಊಟದಲ್ಲಿ ಲಾಭ ಹೆಚ್ಚು, ಕುಟುಂಬಗಳೂ ಬರುತ್ತವೆ. ಸೌತಾಲ್‌ನ ಗ್ಲಾಸಿ ಜಂಕ್ಷನ್‌ನಲ್ಲಿ ರೂಪಾಯಿ ನೋಟನ್ನೂ ತೆಗೆದುಕೊಳ್ಳುತ್ತಿದ್ದರು. ಅದೂ ಮುಚ್ಚಿತು, ಆ ಜಾಗಕ್ಕೆ ಬಂದದ್ದು ದೋಸೆ-ಇಡ್ಲಿಯ ಹೋಟೆಲು. ಎಲ್ಲ ಪಬ್ಬನ್ನೂ ಉಳಿಸಲೇಬೇಕು ಎನ್ನುವವನು ನಾನಲ್ಲ.

ನಿಮ್ಮದನ್ನು ಉಳಿಸಬೇಕೆಂದಿದ್ದರೆ ಮೊದಲ ಹೆಜ್ಜೆ ‘ಅಸೆಟ್ ಆಫ್ ಕಮ್ಯುನಿಟಿ ವ್ಯಾಲ್ಯೂ’, ಅಂದರೆ ಊರಿನ ಬದುಕಿಗೆ ಬೇಕಾದ ಆಸ್ತಿ, ಎಂಬ ಸ್ಥಳೀಯ ಕೌನ್ಸಿಲ್ಲಿನ ಪಟ್ಟಿಗೆ ಸೇರಿಸುವುದು. 2011ರ ಲೋಕಲಿಸಂ ಕಾಯ್ದೆ ಕೊಟ್ಟ ಹಕ್ಕಿದು, ಇಂಗ್ಲೆಂಡಿಗೆ ಮಾತ್ರ. ನೋಂದಾಯಿತ ಸಂಘ ಬೇಕೆಂದಿಲ್ಲ. ನಿಮ್ಮ ಕೌನ್ಸಿಲ್ ವ್ಯಾಪ್ತಿಯ ಅಥವಾ ಪಕ್ಕದ ಕೌನ್ಸಿಲ್ಲಿನ ಮತದಾರರ ಪಟ್ಟಿಯಲ್ಲಿರುವ 21 ಜನರ ಗುಂಪು ಸಾಕು. ಮೂವತ್ತು ಜನರನ್ನು ಸೇರಿಸಿ, ಯಾಕೆಂದರೆ ಹೆಸರಿನ ಕಾಗುಣಿತ, ಹಳೇ ವಿಳಾಸ ಅಂತ ನಾಲ್ಕೈದು ಬಿದ್ದುಹೋಗುತ್ತವೆ. ಕಾಮನ್‌ವೆಲ್ತ್ ಪ್ರಜೆಗಳಾದ ಭಾರತೀಯ ಪಾಸ್‌ಪೋರ್ಟಿನವರೂ ಇಲ್ಲಿ ಮತದಾರರಾಗಬಹುದು, ಹಾಗಾಗಿ ನಿಮ್ಮ ಕನ್ನಡ ಬಳಗದವರೂ ಸಹಿ ಹಾಕಬಹುದು. ಲ್ಯಾಂಡ್ ರಿಜಿಸ್ಟ್ರಿಯಿಂದ ಕೆಲವೇ ಪೌಂಡ್ ಕೊಟ್ಟು ಟೈಟಲ್ ರಿಜಿಸ್ಟರ್ (ಒಡೆತನದ ದಾಖಲೆ) ಮತ್ತು ಟೈಟಲ್ ಪ್ಲಾನ್ (ಗಡಿಯ ನಕ್ಷೆ) ಎರಡನ್ನೂ ತೆಗೆಸಿ. ಅರ್ಜಿಯಲ್ಲಿ ಮಾಲೀಕರು, ಈಗ ನಡೆಸುತ್ತಿರುವವರು, ಗಡಿ, ಕಾರಣ, ನಿಮ್ಮ ಗುಂಪಿನ ಅರ್ಹತೆ ಇವಿಷ್ಟಿರಬೇಕು. ಕೌನ್ಸಿಲ್ ಎಂಟು ವಾರದಲ್ಲಿ ತೀರ್ಮಾನ ಹೇಳಬೇಕು.

ಅರ್ಜಿ ಸೋಲುವುದು ಎರಡು ಕಡೆ. ‘ಬಹಳ ಹಳೆಯದು, ತುಂಬ ಚೆಂದ, ನಮ್ಮ ನೆನಪುಗಳಿವೆ’ ಎಂದು ಬರೆದರೆ ತಿರಸ್ಕಾರ ಗ್ಯಾರಂಟಿ. ಕಾನೂನು ಕೇಳುವುದು ಆ ಜಾಗ ಈಗ ಅಥವಾ ಇತ್ತೀಚೆಗೆ ಊರಿನ ಸಾಮಾಜಿಕ ಬದುಕಿಗೆ ಹೇಗೆ ಬಳಕೆಯಾಗಿದೆ, ಮುಂದೆಯೂ ಆಗಬಹುದೇ ಎಂಬುದನ್ನು. ಗುರುವಾರದ ಕ್ವಿಜ್, ಡಾರ್ಟ್ಸ್ ಲೀಗಿನ ವೇಳಾಪಟ್ಟಿ, ನಿವಾಸಿಗಳ ಸಭೆ, ತಿಥಿಯೂಟಕ್ಕೆ ಮಹಡಿಯ ಹಾಲ್ ಬಾಡಿಗೆಗೆ ಪಡೆದ ರಸೀದಿ, ದಿನಾಂಕ ಇರುವ ಪೋಸ್ಟರ್ ಫೋಟೊ, ಇಂಥದ್ದು ಲಗತ್ತಿಸಿ. ಎರಡನೆಯದು ನಕ್ಷೆ. ಬರೀ ಕಟ್ಟಡಕ್ಕೆ ಕೆಂಪು ಗೆರೆ ಎಳೆದು ಕಾರ್ ಪಾರ್ಕ್, ತೋಟ ಬಿಟ್ಟುಬಿಡುತ್ತಾರೆ. ಡೆವಲಪರ್ ಮೊದಲು ಅಲ್ಲೇ ಫ್ಲಾಟ್ ಕಟ್ಟುತ್ತಾನೆ. ಆ ಫ್ಲಾಟಿನವರು ರಾತ್ರಿ ಗದ್ದಲ ಅಂತ ದೂರು ಕೊಡುತ್ತಾರೆ, ತೋಟ ಒಂಬತ್ತಕ್ಕೇ ಮುಚ್ಚುತ್ತದೆ, ಬೇಸಿಗೆಯ ವ್ಯಾಪಾರ ಹೋಗುತ್ತದೆ, ಆಮೇಲೆ ‘ನೋಡಿ, ಈ ಪಬ್ ನಡೆಯುವುದಿಲ್ಲ’ ಎಂಬ ವರದಿ ಬರುತ್ತದೆ. ಮಹಡಿಯ ಮ್ಯಾನೇಜರ್ ಮನೆಯನ್ನು ಬೇರೆ ಮಾಡಿ ಮಾರುವುದೂ ಇದೇ ಆಟ. ನೆಲಮಾಳಿಗೆ, ಪೀಪಾಯಿ ಇಳಿಸುವ ಫುಟ್‌ಪಾತಿನ ಬಾಗಿಲು, ಅಡುಗೆಮನೆಯ ಹೊಗೆ ಕೊಳವೆ ಯಾವುದೂ ಗೆರೆಯ ಹೊರಗುಳಿಯಬಾರದು.

ಪಟ್ಟಿಗೆ ಸೇರಿದರೆ ಐದು ವರ್ಷ ಮಾನ್ಯ. ಮಾಲೀಕ ಮಾರಲು ಹೊರಟರೆ ಮೊದಲು ಕೌನ್ಸಿಲ್ಲಿಗೆ ತಿಳಿಸಬೇಕು. ಆರು ವಾರದೊಳಗೆ ನೀವು ‘ನಾವೂ ಕೊಳ್ಳಲು ಮುಂದೆ ಬರುತ್ತೇವೆ’ ಎಂದರೆ ಒಟ್ಟು ಆರು ತಿಂಗಳು ಬೇರೆಯವರಿಗೆ ಮಾರುವಂತಿಲ್ಲ. ನಿಮಗೇ ಮಾರಬೇಕೆಂಬ ಒತ್ತಾಯ ಮಾತ್ರ ಇಲ್ಲ. ನಡೆಯುತ್ತಿರುವ ಪಬ್ಬನ್ನು ಪಬ್ಬಾಗಿಯೇ ಇನ್ನೊಬ್ಬರಿಗೆ ಮಾರಿದರೆ ಈ ತಡೆ ಅನ್ವಯಿಸುವುದೂ ಇಲ್ಲ. ಈ ಹಕ್ಕನ್ನು ಬಲಪಡಿಸುವ ಮಸೂದೆ 2025ರಲ್ಲಿ ಪಾರ್ಲಿಮೆಂಟಿಗೆ ಬಂತು, ಅರ್ಜಿ ಹಾಕುವ ದಿನ ಚಾಲ್ತಿಯಲ್ಲಿರುವ ಅವಧಿಗಳನ್ನು ಕೌನ್ಸಿಲ್ಲಿನಲ್ಲಿ ಕೇಳಿಕೊಳ್ಳಿ.

ಇದರ ಜೊತೆಗೇ ಪ್ಲಾನಿಂಗ್. 2017ರ ಮೇ ತಿಂಗಳಿಂದ ಇಂಗ್ಲೆಂಡಿನಲ್ಲಿ ಪಬ್ ಕೆಡವಲು ಅಥವಾ ಬೇರೆ ಬಳಕೆಗೆ ಬದಲಿಸಲು ಪೂರ್ಣ ಅನುಮತಿ ಬೇಕು. ಅರ್ಜಿ ಬಂದಾಗ ಸಾಮಾನ್ಯವಾಗಿ 21 ದಿನ ಆಕ್ಷೇಪಣೆಗೆ ಅವಕಾಶ. ಒಂದೇ ಪತ್ರವನ್ನು ಇನ್ನೂರು ಜನ ನಕಲು ಮಾಡಿ ಕಳಿಸಬೇಡಿ. ಹತ್ತು ಜನ ಬೇರೆ ಬೇರೆ ವಿಷಯ ಹಿಡಿದು ಬರೆದರೆ ತೂಕ ಜಾಸ್ತಿ. ಲಂಡನ್ ಪ್ಲಾನಿನ (ಇಡೀ ಲಂಡನ್ನಿನ ಅಭಿವೃದ್ಧಿ ಯೋಜನೆ) ಎಚ್‌ಸಿ7 ನೀತಿಯನ್ನು ಹೆಸರಿಸಿ: ಸ್ವತಂತ್ರ ಮೌಲ್ಯಮಾಪನದ ಮೇಲೆ ಒಪ್ಪಿದ ಬೆಲೆಗೆ, ಪಬ್ಬಾಗಿಯೇ, ಕನಿಷ್ಠ 24 ತಿಂಗಳು ಮಾರಾಟಕ್ಕಿಟ್ಟಿದ್ದಕ್ಕೆ ಪುರಾವೆ ಕೇಳಿ. ಬೆಲೆಯನ್ನು ಸೈಟಿನ ರೇಟಿಗೆ ಏರಿಸಿಟ್ಟು ‘ಯಾರೂ ಬರಲಿಲ್ಲ’ ಎನ್ನುವುದು ಮಾಮೂಲಿ ತಂತ್ರ.

ಕಾಗದ ಇದ್ದರೆ ಏನಾಗುತ್ತದೆ ಎಂಬುದಕ್ಕೆ ಕಿಲ್‌ಬರ್ನ್‌ನ ಕಾರ್ಲ್‌ಟನ್ ಟ್ಯಾವರ್ನ್ ನೋಡಿ. 1920-21ರಲ್ಲಿ ಕಟ್ಟಿದ್ದು. 2015ರ ಏಪ್ರಿಲ್‌ನಲ್ಲಿ, ಹಳೇ ಕಟ್ಟಡಗಳನ್ನು ನೋಡಿಕೊಳ್ಳುವ ಹಿಸ್ಟಾರಿಕ್ ಇಂಗ್ಲೆಂಡ್ ಸಂಸ್ಥೆ ಸಂರಕ್ಷಿತ ಪಟ್ಟಿಗೆ ಸೇರಿಸಲು ಹೊರಟಿದ್ದಾಗಲೇ, ಅನುಮತಿಯಿಲ್ಲದೆ ಬುಲ್ಡೋಜರ್ ಬಿಟ್ಟರು. ಆದರೆ ಒಳಗಿನ ವಿವರಗಳ ಫೋಟೊ, ದಾಖಲೆ ಅಷ್ಟರಲ್ಲಿ ಆಗಿತ್ತು. ಅದರ ಬಲದಿಂದ ವೆಸ್ಟ್‌ಮಿನ್‌ಸ್ಟರ್ ಕೌನ್ಸಿಲ್ ಇದ್ದ ಹಾಗೇ ಮತ್ತೆ ಕಟ್ಟಿಸಿತು, 2021ರಲ್ಲಿ ಬಾಗಿಲು ತೆರೆಯಿತು. ಹಾಗಾಗಿ ಈ ವಾರವೇ ಹೋಗಿ ಟೈಲ್ಸ್, ಬಾರ್ ಕೌಂಟರ್, ಕಿಟಕಿ ಗಾಜು, ಬೆಂಕಿಗೂಡು, ಪಬ್ಲಿಕ್ ಬಾರ್ (ಸಾದಾ ಕೋಣೆ), ಸಲೂನ್ ಬಾರ್ (ಸಜ್ಜುಗೊಳಿಸಿದ ಕೋಣೆ) ನಡುವಿನ ಗೋಡೆ ಎಲ್ಲದರ ಫೋಟೊ ತೆಗೆಯಿರಿ, ಪಕ್ಕದಲ್ಲೊಂದು ಅಳತೆ ಪಟ್ಟಿ ಇಟ್ಟು.

ಕೊಳ್ಳುವ ಮಟ್ಟಕ್ಕೆ ಹೋದರೆ ಮಾದರಿ ನನ್‌ಹೆಡ್‌ನ ಐವಿ ಹೌಸ್. 2013ರಲ್ಲಿ ಊರವರೇ ಕೊಂಡ ಪಬ್, ಷೇರು ಹಾಕಿದವರು 371 ಜನ. ಇದಕ್ಕೆ ‘ಕಮ್ಯುನಿಟಿ ಬೆನಿಫಿಟ್ ಸೊಸೈಟಿ’ ಎಂಬ ಸಹಕಾರ ಸಂಘದಂಥದ್ದನ್ನು ಮಾಡಿಕೊಳ್ಳುತ್ತಾರೆ. ಎಷ್ಟೇ ಷೇರಿದ್ದರೂ ಒಬ್ಬರಿಗೆ ಒಂದೇ ಮತ. ಪ್ಲಂಕೆಟ್ ಸಂಸ್ಥೆ ಸಲಹೆ ಕೊಡುತ್ತದೆ. ಸರಕಾರದ ಕಮ್ಯುನಿಟಿ ಓನರ್‌ಶಿಪ್ ಫಂಡ್ 2024ರ ಡಿಸೆಂಬರಿಗೆ ಮುಚ್ಚಿದೆ, ಹಳೇ ಲೇಖನಗಳನ್ನು ಓದಿ ಅದನ್ನು ನೆಚ್ಚಿಕೊಳ್ಳಬೇಡಿ. ಎಡವುವುದು ಹೆಚ್ಚಾಗಿ ಹಣದ ಲೆಕ್ಕದಲ್ಲಿ: ಕಟ್ಟಡದ ಬೆಲೆಯಷ್ಟನ್ನೇ ಎತ್ತಿ, ಸೋರುವ ಚಾವಣಿ, ಮೊದಲ ಸರಕು, ಮೂರು ತಿಂಗಳ ಸಂಬಳ ಮರೆಯುತ್ತಾರೆ. ಕ್ರಯಪತ್ರದಲ್ಲಿ ‘ಪಬ್ಬಾಗಿ ಬಳಸಕೂಡದು’ ಎಂಬ ಷರತ್ತು ನುಸುಳಿದೆಯಾ ಎಂದು ಸಾಲಿಸಿಟರ್‌ಗೆ ಮೊದಲೇ ನೋಡಲು ಹೇಳಿ.

ಇದ್ಯಾವುದೂ ಕೈಗೂಡದಿದ್ದರೆ ಹೈ ಸ್ಟ್ರೀಟ್‌ನ ಖಾಲಿ ಅಂಗಡಿಗಳನ್ನೇ ನೋಡಿ. 2005ರಲ್ಲಿ ಕೆಂಟ್‌ನ ಹರ್ನ್ ಎಂಬ ಹಳ್ಳಿಯಲ್ಲಿ ಶುರುವಾದ ಬುಚರ್ಸ್ ಆರ್ಮ್ಸ್‌ನಿಂದ ‘ಮೈಕ್ರೊಪಬ್’ ಹಬ್ಬಿತು: ಒಂದೇ ಕೋಣೆ, ಅಡುಗೆಯಿಲ್ಲ, ಸಂಗೀತವಿಲ್ಲ, ಎರಡು ಮೂರು ಪೀಪಾಯಿ. ಅಷ್ಟು ಬಿಯರ್ ಮೂರು ದಿನದಲ್ಲಿ ಖಾಲಿ ಮಾಡಲು ಹೆಚ್ಚು ಜನ ಬೇಕಿಲ್ಲ. ಅಂಗಡಿಯನ್ನು ಪಬ್ ಮಾಡಲು ಪ್ಲಾನಿಂಗ್ ಅನುಮತಿ, ಜೊತೆಗೆ ಪ್ರಿಮಿಸಸ್ ಲೈಸೆನ್ಸ್, ಪರ್ಸನಲ್ ಲೈಸೆನ್ಸ್ ಇರುವ ಒಬ್ಬ ಮೇಲ್ವಿಚಾರಕ ಬೇಕು. ಲೈಸೆನ್ಸ್ ಅರ್ಜಿಯ ನೋಟಿಸನ್ನು ತಿಳಿ ನೀಲಿ ಕಾಗದದಲ್ಲಿ ಮುದ್ರಿಸಿ 28 ದಿನ ಅಂಗಡಿ ಮುಂದೆ ಅಂಟಿಸಬೇಕು. ಬಿಳಿ ಕಾಗದದಲ್ಲಿ ಅಂಟಿಸಿದರೆ ಆ 28 ದಿನವನ್ನು ಮೊದಲಿಂದ ಎಣಿಸಬೇಕಾದೀತು.