ಹತ್ತಿಪ್ಪತ್ತು ಜನರ ಮಾತು ಕೇಳಿ ಮಾನವ ಹಕ್ಕುಗಳಿಗೆ ಏನುಪಯೋಗ?

ಅಂಕಿ-ಅಂಶ ಬಿಟ್ಟು ಹತ್ತಿಪ್ಪತ್ತು ಜನರ ಸಂದರ್ಶನ ಮಾಡಿದರೆ ಮಾನವ ಹಕ್ಕುಗಳ ಕೆಲಸಕ್ಕೆ ಏನು ಸಿಗುತ್ತದೆ ಅಂತ ಕೇಳಿದ್ದೀರಿ. ನಾನೂ ಸಮೀಕ್ಷೆಯಿಂದಲೇ ಶುರು ಮಾಡಿದವಳು, ನಿಮ್ಮ ಅನುಮಾನ ನನಗೂ ಇತ್ತು.

ಒಮ್ಮೆ ಮನೆಗೆಲಸದವರ ಸಮೀಕ್ಷೆಯಲ್ಲಿ ‘ವಾರಕ್ಕೊಂದು ರಜೆ ಇದೆಯೇ?’ ಅಂತ ಕೇಳಿದಾಗ ಒಬ್ಬಾಕೆ ‘ಇದೆ’ ಅಂದರು. ಟಿಕ್ ಹಾಕಿದೆ. ಪೆನ್ನು ಮುಚ್ಚಿಟ್ಟ ಮೇಲೆ, ಅವತ್ತು ಏನು ಮಾಡ್ತೀರಿ ಅಂತ ಸುಮ್ಮನೆ ಕೇಳಿದೆ.

‘ಅಡುಗೆ ಇರಲ್ಲ, ಮಕ್ಕಳನ್ನ ನೋಡ್ಕೊಂಡ್ರೆ ಸಾಕು.’

‘ಯಾರ ಮಕ್ಕಳನ್ನ?’

‘ಕೆಲಸದ ಮನೆಯವರದ್ದೇ.’

ಆಕೆ ಸುಳ್ಳು ಹೇಳಿರಲಿಲ್ಲ, ಅವರ ಪಾಲಿಗೆ ಅದೇ ರಜೆ. ಆದರೆ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2011ರ ಒಡಂಬಡಿಕೆಯಲ್ಲಿ ಮನೆಗೆಲಸದವರ ವಾರದ ವಿಶ್ರಾಂತಿ ಅಂದರೆ ಕನಿಷ್ಠ ಸತತ 24 ಗಂಟೆ. ಇನ್ನೂ ಸಾವಿರ ಜನರನ್ನು ಕೇಳಿದ್ದರೂ ನಮ್ಮ ಪ್ರಶ್ನೆಯ ತೂತು ಮುಚ್ಚುತ್ತಿರಲಿಲ್ಲ, ಸಾವಿರ ತಪ್ಪು ಟಿಕ್‌ಗಳು ಸೇರುತ್ತಿದ್ದವು ಅಷ್ಟೇ. ಆಮೇಲೆ ಪ್ರಶ್ನೆಯನ್ನೇ ಬದಲಿಸಿದೆವು.

ಇದಕ್ಕಿಂತ ದೊಡ್ಡ ಉದಾಹರಣೆ ದಕ್ಷಿಣ ಆಫ್ರಿಕಾದ ಸತ್ಯ ಮತ್ತು ಸಾಮರಸ್ಯ ಆಯೋಗ. ವರ್ಣಭೇದದ ಕಾಲದ ದೌರ್ಜನ್ಯಗಳ ಬಗ್ಗೆ 21,000ಕ್ಕೂ ಹೆಚ್ಚು ಹೇಳಿಕೆಗಳು ಅಲ್ಲಿ ದಾಖಲಾದವು. ಸಂಖ್ಯೆಗೆ ಬರವಿರಲಿಲ್ಲ. ಆದರೆ ಬಂದ ಹೆಂಗಸರಲ್ಲಿ ಬಹಳಷ್ಟು ಮಂದಿ ಗಂಡನಿಗೆ, ಮಗನಿಗೆ ಏನಾಯಿತು ಅಂತ ಹೇಳಿ ಎದ್ದು ಹೋಗುತ್ತಿದ್ದರು, ತಮ್ಮ ಮೈಮೇಲೆ ಆದದ್ದು ಬಾಯಿಗೆ ಬರುತ್ತಿರಲಿಲ್ಲ. ಹೀಗಾದೀತು ಅಂತ ಜೊಹಾನ್ಸ್‌ಬರ್ಗ್‌ನ ವಿಟ್ಸ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕಿಯರು 1996ರಲ್ಲೇ ಆಯೋಗದ ಮುಂದಿಟ್ಟಿದ್ದರು. ಆಮೇಲೆ ಮಹಿಳೆಯರ ಮಾತು ಕೇಳಲೆಂದೇ ಆಯೋಗದ ಬೇರೆ ಸಭೆಗಳು ನಡೆದವು. ಹೇಳಿಕೆಯ ಫಾರಂನಲ್ಲೂ ಒಂದು ಸೂಚನೆ ಸೇರಿತು: ನಿಮಗೇ ಏನಾಯಿತು ಅನ್ನುವುದನ್ನೂ ಹೇಳಲು ಮರೆಯಬೇಡಿ, ಅಂತ. ಹೆಂಗಸರು ಏನು ಹೇಳದೆ ಬಿಡುತ್ತಾರೆ ಅನ್ನುವುದಕ್ಕೆ ಕಿವಿಗೊಟ್ಟವರಿಂದ ಬಂದ ಸಾಲು ಅದು.

ಎಷ್ಟು ಜನರಿಗೆ ಹೀಗಾಗಿದೆ ಅಂತ ಸಂದರ್ಶನ ಹೇಳಲಾರದು, ನಿಜ. ಅದಕ್ಕೆ ಸಮೀಕ್ಷೆಯೇ ಬೇಕು. ಮೊದಲು ಮಾತು, ಆಮೇಲೆ ಎಣಿಕೆ ಅನ್ನುವುದು ನನ್ನ ಲೆಕ್ಕ.

ನೀವೇ ಇಂಥ ಕೆಲಸಕ್ಕೆ ಇಳಿಯುವುದಾದರೆ ಒಂದು ಎಚ್ಚರಿಕೆ. ಹೆಸರು ಬದಲಿಸಿದರೆ ಗುರುತು ಮುಚ್ಚಿತು ಅಂದುಕೊಳ್ಳಬೇಡಿ. ‘ಮೂವರು ಹೆಣ್ಣುಮಕ್ಕಳ, ಕಾಲು ಊನವಾದ ಹೊಲಿಗೆಯಾಕೆ’ ಅಂತ ಬರೆದರೆ ಆ ಬೀದಿಯವರೆಲ್ಲರಿಗೂ ಯಾರೆಂದು ಗೊತ್ತಾಗುತ್ತದೆ, ಪೆಟ್ಟು ಬೀಳುವುದು ಆಕೆಗೆ. ಮೇಲೆ ಹೇಳಿದ ರಜೆಯ ಕಥೆಯಲ್ಲೂ ಒಂದೆರಡು ವಿವರ ಬದಲಿಸಿಯೇ ಬರೆದಿದ್ದೇನೆ.