ಗಾಳಿ ಹೋಗದೆ ಹಬೆ ಬರಲ್ಲ

ಪ್ರಶ್ನೆ: ನ್ಯೂಜೆರ್ಸಿಯ ಬ್ಲೂಮ್‌ಫೀಲ್ಡ್‌ನಲ್ಲಿ 1920ರ ದಶಕದ ಮನೆ ಕೊಂಡಿದ್ದೇವೆ. ಸ್ಟೀಮ್ ಹೀಟಿಂಗ್, ಅಂದರೆ ಬಾಯ್ಲರ್‌ನ ಹಬೆಯಿಂದ ಮನೆ ಬಿಸಿಯಾಗುವುದು. ಎರಕದ ಕಬ್ಬಿಣದ ರೇಡಿಯೇಟರ್‌ಗಳು, ಒಂದೊಂದಕ್ಕೂ ಒಂದೇ ಪೈಪು. ಕೆಳಗೆ ಹಾಲ್‌ನಲ್ಲಿ ಸೆಕೆ, ಮಹಡಿಯ ಹಿಂದಿನ ರೂಮು ಮಾತ್ರ ತಣ್ಣಗೆ. ಅತ್ತೆ-ಮಾವ ಬಂದಾಗ ಅಲ್ಲೇ ಮಲಗುವುದು, ಪಾಪ, ಮಫ್ಲರ್ ಸುತ್ತಿಕೊಂಡು. ರಾತ್ರಿಯೆಲ್ಲ ರೇಡಿಯೇಟರ್‌ಗಳ ವೆಂಟ್ (ಗಾಳಿ ಹೊರಗೆ ಬಿಡುವ ಸಣ್ಣ ಕವಾಟ) ಬುಸ್ ಅನ್ನುತ್ತಿರುತ್ತವೆ. ಒಬ್ಬ ಪ್ಲಂಬರ್ ಬಂದು ಬಾಯ್ಲರ್ ಪ್ರೆಷರ್ ಏರಿಸಿ ಹೋದರು. ಗ್ಯಾಸ್ ಬಿಲ್ ಏರಿತು, ರೂಮು ಹಾಗೇ ಇದೆ. ಬಾಯ್ಲರ್ ಬದಲಾಯಿಸಬೇಕಾ?

ಉತ್ತರ: ಸದ್ಯಕ್ಕೆ ಬೇಡ. ನಿಮ್ಮ ಮನೆಯಲ್ಲಿ ಹಬೆಗೆ ಬರವಿಲ್ಲ, ಗಾಳಿಗೆ ಹೊರಗೆ ಹೋಗಲು ದಾರಿಯಿಲ್ಲ.

ಬಾಯ್ಲರ್ ಆರಿದಾಗಲೆಲ್ಲ ಪೈಪು, ರೇಡಿಯೇಟರ್ ಎಲ್ಲದರಲ್ಲೂ ಗಾಳಿ ತುಂಬಿಕೊಳ್ಳುತ್ತದೆ. ಮತ್ತೆ ಹೊತ್ತಿದಾಗ ಹಬೆ ಆ ಗಾಳಿಯನ್ನು ತಳ್ಳಿಕೊಂಡೇ ಮುಂದೆ ಬರಬೇಕು. ಕುಕ್ಕರ್‌ಗೆ ವೆಯ್ಟ್ ಹಾಕುವ ಮೊದಲು ಹಬೆ ಜೋರಾಗಿ ಬರಲಿ ಅಂತ ಕಾಯುತ್ತೇವಲ್ಲ, ಅದೂ ಒಳಗಿನ ಗಾಳಿ ಹೋಗಲಿ ಅಂತಲೇ. ಆದರೆ ಕುಕ್ಕರ್ ಕೆಲಸ ಮಾಡುವುದು ಸುಮಾರು 15 ಪಿಎಸ್‌ಐ (ಒಂದು ಚದರ ಇಂಚಿಗೆ ಇಷ್ಟು ಪೌಂಡ್) ಒತ್ತಡದಲ್ಲಿ, ನಿಮ್ಮ ಮನೆಗೆ 2 ಪಿಎಸ್‌ಐ ಕೂಡ ಬೇಡ. ಹಾಗಾಗಿ ಆ ಪ್ಲಂಬರ್ ಏರಿಸಿದ್ದನ್ನು ಮೊದಲು ಇಳಿಸಿ. ಬಾಯ್ಲರ್ ಮೇಲೆ ಪ್ರೆಷರ್‌ಟ್ರೋಲ್ ಅನ್ನುವ, ಒತ್ತಡ ನಿಯಂತ್ರಿಸುವ ಸಣ್ಣ ಡಬ್ಬಿ ಇರುತ್ತದೆ. ಮನೆಗಳಲ್ಲಿ ಸಾಮಾನ್ಯವಾಗಿ ಕಾಣುವ ನಮೂನೆಯಾದರೆ ಮುಂದಿನ ಮುಳ್ಳು 0.5ರಲ್ಲಿ, ಒಳಗಿನ ಬಿಳಿ ಚಕ್ರ 1ರಲ್ಲಿ ಇರಲಿ. ಆಗ ಎರಡೂ ಸೇರಿ 1.5 ಪಿಎಸ್‌ಐಗೆ ಬರ್ನರ್ ಆರುತ್ತದೆ. ಅಷ್ಟು ಸಾಕು.

ಇನ್ನು ಬೇಸ್‌ಮೆಂಟ್‌ಗೆ ಇಳಿಯಿರಿ, ಅಸಲಿ ವಿಷಯ ಇರುವುದು ಅಲ್ಲೇ. ಬಾಯ್ಲರ್‌ನಿಂದ ಹೊರಟು ಸೂರಿನ ಕೆಳಗೆ ಸುತ್ತುವ ದಪ್ಪ ಪೈಪು ಇದೆಯಲ್ಲ, ಅದೇ ಮೇನ್. ಅದು ಕೊನೆಯ ರೇಡಿಯೇಟರ್‌ಗೆ ಕವಲೊಡೆದ ಮೇಲೆ, ಕೆಳಗೆ ತಿರುಗುವುದಕ್ಕೆ ಮುಂಚೆ, ಮೇನ್ ವೆಂಟ್ ಇರಬೇಕು. ಎಷ್ಟೋ ಹಳೇ ಮನೆಗಳಲ್ಲಿ ಅದು ತುಕ್ಕು ಹಿಡಿದು ಮುಚ್ಚಿಕೊಂಡಿರುತ್ತದೆ, ಅಥವಾ ಯಾರೋ ಬಾಯ್ಲರ್ ಬದಲಾಯಿಸುವಾಗ ಅದನ್ನು ಕಿತ್ತು ಆ ಜಾಗಕ್ಕೆ ಪ್ಲಗ್ ಜಡಿದು ಕೈತೊಳೆದುಕೊಂಡಿರುತ್ತಾರೆ. ಬಾಯ್ಲರ್ ತಣ್ಣಗಿದ್ದಾಗ ಹೊತ್ತಿಸಿ, ವೆಂಟ್ ಬಾಯಿಗೆ ಒಂದು ಟಿಶ್ಯೂ ಹಿಡಿದು ನೋಡಿ. ಒಳ್ಳೆಯ ವೆಂಟ್ ಆದರೆ ಟಿಶ್ಯೂ ಹಾರಾಡುತ್ತದೆ, ಹಬೆ ತಲುಪಿದ ಕೂಡಲೇ ವೆಂಟ್ ಟಕ್ ಅಂತ ಮುಚ್ಚಿಕೊಳ್ಳುತ್ತದೆ. ಟಿಶ್ಯೂ ಅಲ್ಲಾಡದಿದ್ದರೆ ನಿಮ್ಮ ಕಳ್ಳ ಸಿಕ್ಕಿದ ಹಾಗೆ. ಬಾಯ್ಲರ್ ಹತ್ತಿರ ಪೈಪು ಬಿಸಿಯಾದ ಮೇಲೆ ಮೇನ್‌ನ ತುದಿ ಬಿಸಿಯಾಗಲು ಎಷ್ಟು ಹೊತ್ತು ಅಂತಲೂ ಗಡಿಯಾರ ನೋಡಿಕೊಳ್ಳಿ. ಕೆಲವೇ ನಿಮಿಷ ಆಗಬೇಕು. ಕಾಲು ಗಂಟೆ ಆಯಿತು ಅಂದರೆ ಗಾಳಿ ಸಿಕ್ಕಿಹಾಕಿಕೊಂಡಿದೆ.

ಮೇನ್‌ನ ಗಾಳಿ ಬೇಗ ಹೋಗಬೇಕಾದರೆ ದೊಡ್ಡ ವೆಂಟ್ ಬೇಕು. 2 ಇಂಚಿನ ಪೈಪು 20 ಅಡಿ ಉದ್ದ ಇದ್ದರೆ ಅದರಲ್ಲಿ ಹೆಚ್ಚುಕಡಿಮೆ ಅರ್ಧ ಘನ ಅಡಿ ಗಾಳಿ. ಗಾರ್ಟನ್ ಕಂಪನಿಯ ನಂ. 2 ಅನ್ನುವ ದೊಡ್ಡ ವೆಂಟ್ ಅದೇ ಕಂಪನಿಯ ನಂ. 1ಕ್ಕಿಂತ ಸುಮಾರು ಮೂರು ಪಟ್ಟು ವೇಗವಾಗಿ ಗಾಳಿ ಬಿಡುತ್ತದೆ. ಎತ್ತರಕ್ಕೆ ಜಾಗ ಸಾಲದಿದ್ದರೆ ಟೀ (T ಆಕಾರದ ಪೈಪ್ ಜೋಡಣೆ) ಹಾಕಿ ಎರಡು-ಮೂರು ಸಣ್ಣವನ್ನು ಒಟ್ಟಿಗೆ ಕೂರಿಸಬಹುದು. ಎರಡು ಮೇನ್ ಇದ್ದರೆ ಎರಡಕ್ಕೂ ಬೇರೆ ಬೇರೆ ಬೇಕು. ಒಂದು ಎಚ್ಚರಿಕೆ: ವೆಂಟನ್ನು ಮೇನ್‌ಗೆ ಅಂಟಿಸಿದ ಹಾಗೆ ಹಾಕಬೇಡಿ. ಗಿಡ್ಡ ಪೈಪು ಹಾಕಿ ಕೆಲವು ಇಂಚು ಮೇಲೆತ್ತಿ, ಇಲ್ಲವಾದರೆ ನೀರು ಬಡಿದು ಬಡಿದು ವೆಂಟ್ ಒಳಗಿನ ಫ್ಲೋಟ್ (ತೇಲುವ ಬಿಡಿಭಾಗ) ಹಾಳಾಗುತ್ತದೆ. ಪೈಪಿಗೆ ಪ್ಲಾಸ್ಟರ್ ಮೆತ್ತಿದಂಥ ಹಳೇ ಬಿಳಿ ಹೊದಿಕೆ ಇದ್ದರೆ ದಯವಿಟ್ಟು ಕೆರೆಯಬೇಡಿ, ಆ ಕಾಲದ ಮನೆ ಅಂದರೆ ಆಸ್ಬೆಸ್ಟಾಸ್ ಇರುವ ಸಾಧ್ಯತೆ ಇದೆ. ಅದನ್ನು ಲೈಸೆನ್ಸ್ ಇರುವವರೇ ಮುಟ್ಟಲಿ.

ರೇಡಿಯೇಟರ್ ವೆಂಟ್‌ಗಳ ಸರದಿ ಆಮೇಲೆ. ತುಂಬಾ ಜನ ಉಲ್ಟಾ ಮಾಡುತ್ತಾರೆ, ತಣ್ಣಗಿರುವ ರೂಮಿಗೆ ಸುಮ್ನೆ ದೊಡ್ಡ ವೆಂಟ್ ತಂದು ಹಾಕಿಬಿಡುತ್ತಾರೆ. ಮೇನ್‌ನ ಗಾಳಿಯೆಲ್ಲ ರೇಡಿಯೇಟರ್ ಮೂಲಕವೇ ಹೋಗಬೇಕಾಗಿ ಬಂದಾಗಲೇ ಆ ಬುಸ್ ಸದ್ದು. ಮೇನ್ ಬೇಗ ಖಾಲಿಯಾಗಬೇಕು, ರೇಡಿಯೇಟರ್ ನಿಧಾನವಾಗಿ ತುಂಬಬೇಕು. ಗಾರ್ಟನ್‌ನಲ್ಲಿ 4, 5, 6, ಸಿ, ಡಿ ಅಂತ ಬರುತ್ತವೆ, 4 ಎಲ್ಲಕ್ಕಿಂತ ನಿಧಾನ, ಡಿ ಎಲ್ಲಕ್ಕಿಂತ ಜೋರು. ಥರ್ಮೋಸ್ಟಾಟ್ ಇರುವ ಹಾಲ್‌ಗೆ 4 ಹಾಕಿ. ಹಾಲ್ ಬೇಗ ಬಿಸಿಯಾದರೆ ಥರ್ಮೋಸ್ಟಾಟ್ ಬಾಯ್ಲರನ್ನು ಆರಿಸಿಬಿಡುತ್ತದೆ, ಹಿಂದಿನ ರೂಮಿಗೆ ಹಬೆ ತಲುಪುವುದೇ ಇಲ್ಲ, ಅಲ್ವಾ? ಆ ರೂಮಿಗೆ 6 ಅಥವಾ ಸಿ. ಬಾಯ್ಲರ್ ಆರಿಸಿ ತಣ್ಣಗಾದ ಮೇಲೆ ಹಳೆಯದನ್ನು ತಿರುಗಿಸಿ ತೆಗೆದು, ಹೊಸದರ ತಿರುಪಿನ ಮರೆಗೆ (ಥ್ರೆಡ್‌ಗೆ) ಟೆಫ್ಲಾನ್ ಟೇಪ್ ಸುತ್ತಿ ಹಾಕಿ. ಹಳೆಯದನ್ನು ವಿನೆಗರ್‌ನಲ್ಲಿ ಕುದಿಸಿ ಬಳಸುವವರೂ ಇದ್ದಾರೆ, ನಾನಂತೂ ಹೊಸದೇ ತರಿಸುತ್ತೇನೆ. ಥರ್ಮೋಸ್ಟಾಟ್ ಸೆಟ್ಟಿಂಗ್‌ನಲ್ಲಿ ಗಂಟೆಗೆ ಎಷ್ಟು ಸಲ ಹೊತ್ತಬೇಕು ಅಂತ ಕೇಳಿದರೆ, ಸ್ಟೀಮ್‌ಗೆ 1 ಅಂತ ಕೊಡಿ.

ಪ್ರಶ್ನೆ: ಮ್ಯಾಸಚೂಸೆಟ್ಸ್‌ನ ಮೆಡ್‌ಫರ್ಡ್‌ನಲ್ಲಿದ್ದೇವೆ. ರೇಡಿಯೇಟರ್ ವೆಂಟ್ ಹೊಸದು. ಆದರೂ ನೀರು ಉಗುಳುತ್ತದೆ, ಪೈಪಿನಲ್ಲಿ ಸುತ್ತಿಗೆಯಲ್ಲಿ ಹೊಡೆದ ಸದ್ದು.

ಉತ್ತರ: ಅದು ವೆಂಟ್‌ನ ತಪ್ಪು ಇರಲಿಕ್ಕಿಲ್ಲ. ಹಬೆ ತಣಿದು ಆದ ನೀರು, ಹಬೆ ಬರುವ ಪೈಪಿನಲ್ಲೇ ವಾಪಸ್ ಹೋಗಬೇಕು, ಹಾಗಾಗಿ ರೇಡಿಯೇಟರ್ ವಾಲ್ವ್ ಕಡೆಗೆ ಸ್ವಲ್ಪ ವಾಲಿರಬೇಕು. ಸ್ಪಿರಿಟ್ ಲೆವೆಲ್ ಇಟ್ಟು ನೋಡಿ, ಆಚೆ ತುದಿಯ ಕಾಲಿನ ಕೆಳಗೆ ತೆಳ್ಳನೆ ಮರದ ಚೂರು ಕೊಡಿ. ವಾಲ್ವ್ ಪೂರ್ತಿ ತೆರೆದಿರಲಿ. ಅರ್ಧ ತೆರೆದರೆ ನೀರು ಒಳಗೇ ನಿಲ್ಲುತ್ತದೆ. ಇದೆಲ್ಲ ಸರಿಯಿದ್ದರೆ ಬಾಯ್ಲರ್‌ನ ನೀರಿನ ಮಟ್ಟ ತೋರಿಸುವ ಗಾಜಿನ ಕೊಳವೆ ನೋಡಿ. ಅದರಲ್ಲಿ ನೀರು ಸಿಕ್ಕಾಪಟ್ಟೆ ಕುಣಿಯುತ್ತಿದ್ದರೆ ಬಾಯ್ಲರ್ ನೀರಿನಲ್ಲಿ ಎಣ್ಣೆ, ಕೊಳೆ ಸೇರಿದೆ. ಮೇಲಿನ ಜಿಡ್ಡನ್ನು ತೆಗೆಸಿ.

ಪ್ರಶ್ನೆ: ಮೈಸೂರಿನಿಂದ ಮಗಳ ಮನೆಗೆ ಬಂದಿದ್ದೇನೆ. ರೂಮಿನಲ್ಲಿ ಸೆಕೆ, ಜೊತೆಗೆ ಆ ಬುಸ್ ಸದ್ದಿಗೆ ನಿದ್ದೆ ಇಲ್ಲ. ರೇಡಿಯೇಟರ್ ವೆಂಟ್ ಬಾಯಿಗೆ ಟೇಪ್ ಸುತ್ತಬಹುದೇ?

ಉತ್ತರ: ಬೇಡ ಅಮ್ಮ, ಬಿಸಿಗೆ ಟೇಪಿನ ಅಂಟು ಕರಗಿ ಇನ್ನೊಂದು ರಗಳೆ. ಸೆಕೆ ಇದ್ದರೆ ರೇಡಿಯೇಟರ್ ಬುಡದ ವಾಲ್ವನ್ನು ಪೂರ್ತಿ ಮುಚ್ಚಿ, ಸದ್ದೂ ನಿಲ್ಲುತ್ತದೆ. ಅದು ತಣ್ಣಗಿರುವಾಗಲೇ ಮುಚ್ಚಿ, ಬಿಸಿ ಇರುವಾಗ ಕೈ ಹಾಕಬೇಡಿ. ಮೇಲಿನ ಬ್ಲೂಮ್‌ಫೀಲ್ಡ್‌ನವರ ಉತ್ತರವನ್ನು ಮಗಳಿಗೂ ಒಮ್ಮೆ ತೋರಿಸಿ.