ಸಾಕು ಎನ್ನಲಾಗದವರ ಕಾಳಗ

ಓದುಗರ ಪತ್ರ

ಮಾನ್ಯ ಸಂಪಾದಕರೇ, ಕಳೆದ ಸಂಚಿಕೆಯ ವೈಜ್ಞಾನಿಕ ಕಥೆಯನ್ನು ಓದಿದೆ. ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಚೀಲ ಹೊರುತ್ತಿದ್ದ ರೋಬೋಟುಗಳನ್ನು ಕದ್ದು ತಂದು, ಗದಗಿನ ಹಾಳುಬಿದ್ದ ಹತ್ತಿ ಜಿನ್ನಿಂಗ್ ಕಾರ್ಖಾನೆಯೊಂದರಲ್ಲಿ ರಾತ್ರಿ ಹೊತ್ತು ಕಾದಾಟಕ್ಕೆ ಹಚ್ಚಿ, ಅವುಗಳ ಮೇಲೆ ಜೂಜು ಕಟ್ಟುವ ಕಥೆ ಅದು. ಆ ಯಂತ್ರಗಳಿಗಾಗಿ ನಾವು ಕಣ್ಣೀರು ಹಾಕಬೇಕೆಂಬುದು ಲೇಖಕರ ಅಪೇಕ್ಷೆ. ಕಬ್ಬಿಣಕ್ಕೆ ನೋವೆಲ್ಲಿಯದು? ಟಗರಿನ ಕಾಳಗದಲ್ಲಿ ನಿಜವಾದ ನೆತ್ತರು ಸುರಿಯುವ ನಾಡಿನಲ್ಲಿ ಯಂತ್ರಕ್ಕೆ ಮರುಗುವುದು ಕರುಣೆಯ ದುಂದುವೆಚ್ಚ. ಇಂಥ ಕಥೆಗಳು ವಿದ್ಯಾರ್ಥಿಗಳ ಕೈಗೆ ಸಿಗಬಾರದು.
– ನಿವೃತ್ತ ಗಣಿತ ಶಿಕ್ಷಕರು, ಹುಬ್ಬಳ್ಳಿ

ಸಂಪಾದಕರ ಉತ್ತರ

ಗುರುಗಳೇ, ನಿಮ್ಮ ಪತ್ರ ದೀರ್ಘವಾಗಿತ್ತು. ಸ್ಥಳದ ಅಭಾವದಿಂದ ತಿರುಳನ್ನಷ್ಟೇ ಮೇಲೆ ಕೊಟ್ಟಿದ್ದೇನೆ. ಒಂದು ಕಥೆಯೊಡನೆ ಇಷ್ಟು ಶ್ರದ್ಧೆಯಿಂದ ಜಗಳ ಕಾಯುವ ಓದುಗರು ಪತ್ರಿಕೆಗೆ ಸಿಗುವುದು ಅಪರೂಪ. ನಿಮ್ಮ ವಾದದಲ್ಲಿ ಒಪ್ಪಬೇಕಾದುದನ್ನು ಮೊದಲೇ ಒಪ್ಪಿಬಿಡುತ್ತೇನೆ. ಇಂದಿನ ರೋಬೋಟುಗಳಿಗೆ ನೋವಾಗುತ್ತದೆ ಎನ್ನಲು ಆಧಾರವಿಲ್ಲ. ಕಾನೂನೂ ನಿಮ್ಮ ಕಡೆಗೇ ಇದೆ: 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಪ್ರಾಣಿ ಎಂದರೆ ಮನುಷ್ಯನನ್ನು ಬಿಟ್ಟು ಉಳಿದ ಜೀವಿ, ಯಂತ್ರ ಅದರೊಳಗೆ ಬರುವುದಿಲ್ಲ. ಕಥೆಯ ಕಾರ್ಖಾನೆಯ ಮೇಲೆ ಪೊಲೀಸರು ದಾಳಿ ಮಾಡಿದರೆ ಕಳವಿನ ಮೊಕದ್ದಮೆ ಹೂಡಬಹುದು, 1963ರ ಕರ್ನಾಟಕ ಪೊಲೀಸ್ ಕಾಯ್ದೆಯನ್ನು ಹಿಡಿದು ಜೂಜಿನ ಮೊಕದ್ದಮೆಯನ್ನೂ ಹೂಡಬಹುದು. ಆ ಯಂತ್ರಗಳನ್ನು ಕಾದಾಡಿಸಿದ ಕೃತ್ಯಕ್ಕೆ ಮಾತ್ರ ಹಿಂಸೆಯ ಕಲಮು ಸಿಗುವುದಿಲ್ಲ. ಇಷ್ಟನ್ನೆಲ್ಲ ಒಪ್ಪಿಯೂ ನಾನು ಕಥೆಯ ಪಕ್ಷ ವಹಿಸುತ್ತೇನೆ. ಏಕೆಂದರೆ ನೀವು ನೋವನ್ನು ಹುಡುಕುವ ಭರದಲ್ಲಿ ಆ ಕಥೆಯ ಅತ್ಯಂತ ಭೀಕರವಾದ ಪುಟವನ್ನು ಗಮನಿಸದೆ ದಾಟಿಬಿಟ್ಟಿದ್ದೀರಿ.

ಯಾವ ಪುಟವೆಂದು ಹೇಳುತ್ತೇನೆ. ಹಮಾಲರ ನಡುವೆ ಓಡಾಡಿಕೊಂಡು ದುಡಿಯಲೆಂದೇ ಕಟ್ಟಿದ ಆ ರೋಬೋಟುಗಳಿಗೆ ನಿಲ್ಲುವುದನ್ನು ಕಲಿಸಲಾಗಿತ್ತು. ಮನುಷ್ಯ ಅಡ್ಡ ಬಂದರೆ ನಿಲ್ಲಬೇಕು, ಕೀಲಿನ ಮೇಲೆ ಮಿತಿಮೀರಿದ ಭಾರ ಬಿದ್ದರೆ ನಿಲ್ಲಬೇಕು, ಎದೆಯ ಮೇಲಿನ ಕೆಂಪು ಗುಂಡಿಯನ್ನು ಯಾರೇ ಒತ್ತಿದರೂ ನಿಲ್ಲಬೇಕು. ಕಣದ ಮಾಲೀಕ ಅವುಗಳಿಗೆ ಕತ್ತಿ ಕಟ್ಟುವ ಮೊದಲು ಮಾಡಿಸುವ ಕೆಲಸವೇ ಈ ನಿಲ್ಲುವಿಕೆಯನ್ನು ಕಿತ್ತು ಹಾಕಿಸುವುದು. ಆಮೇಲೆ ಕಾಲು ಮುರಿದ ಯಂತ್ರ ತೆವಳುತ್ತ ಎದುರಾಳಿಯ ಕಡೆಗೆ ಹೋಗುತ್ತದೆ, ಕೈ ಹೋದದ್ದು ತಲೆಯಿಂದ ಹಾಯುತ್ತದೆ, ನೋಡುವವರು ಸಿಳ್ಳೆ ಹೊಡೆಯುತ್ತಾರೆ. ಲೇಖಕರು ನೋವೆಂಬ ಪದವನ್ನು ಅಲ್ಲಿ ಒಮ್ಮೆಯೂ ಬಳಸಿಲ್ಲ. ಹಿಂಜರಿಯಬಲ್ಲ ಒಂದು ವಸ್ತುವನ್ನು ಹಿಂಜರಿಯಲಾಗದಂತೆ ಮಾಡಿ ಮೋಜಿಗೆ ಬಿಟ್ಟದ್ದನ್ನು ಅವರು ತೋರಿಸಿದ್ದಾರೆ, ಅಷ್ಟೇ.

ನಮ್ಮ ಭಾಗದ ಎಂಜಿನಿಯರಿಂಗ್ ಕಾಲೇಜುಗಳ ಉತ್ಸವಗಳಲ್ಲಿ ನಡೆಯುವ ರೋಬೋ ವಾರ್ ಸ್ಪರ್ಧೆಯನ್ನು ನೀವು ನೋಡಿದ್ದೀರೋ ಇಲ್ಲವೋ ಪತ್ರದಿಂದ ತಿಳಿಯಲಿಲ್ಲ. ನೋಡಿರದಿದ್ದರೆ ದಯವಿಟ್ಟು ಹೋಗಿ ನೋಡಿ, ಅದು ಸೊಗಸಾದ ವಿದ್ಯೆ. ಎಂಟು, ಹದಿನೈದು, ಅರವತ್ತು ಕಿಲೋ ಎಂದು ತೂಕದ ವರ್ಗಗಳಿರುತ್ತವೆ. ಪಾಲಿಕಾರ್ಬೊನೇಟ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ದಪ್ಪ ಹಾಳೆಯ ಪಂಜರದೊಳಗೆ ಯಂತ್ರದ ಆಯುಧವಾದ ಉಕ್ಕಿನ ಡ್ರಮ್ಮು ತಿರುಗುತ್ತ ಕಿಡಿ ಹಾರುವಾಗ ಮೈ ಜುಮ್ಮೆನ್ನುತ್ತದೆ. ಆದರೆ ಅದರ ನಿಯಮಗಳನ್ನು ಓದಿ ನೋಡಿ. ರಿಮೋಟಿನ ಸಂಕೇತ ತಪ್ಪಿದ ಕ್ಷಣ ಯಂತ್ರದ ಆಯುಧ ತಾನಾಗಿ ನಿಲ್ಲಬೇಕು, ಇಲ್ಲದಿದ್ದರೆ ಅದಕ್ಕೆ ಕಣದೊಳಗೆ ಪ್ರವೇಶವೇ ಇಲ್ಲ. ನಿಗದಿತ ಹೊತ್ತು ಅಲುಗದ ಯಂತ್ರ ಸೋತಿತೆಂದು ಲೆಕ್ಕ. ತನ್ನ ಯಂತ್ರ ಹಾಳಾಗುತ್ತಿದೆ ಎನ್ನಿಸಿದರೆ ನಡೆಸುವ ಹುಡುಗ ಸೋಲೊಪ್ಪಿ ಪಂದ್ಯ ನಿಲ್ಲಿಸಬಹುದು. 2025ರ ಮೇ ತಿಂಗಳಲ್ಲಿ ಚೀನಾದ ಹಾಂಗ್‌ಝೌ ನಗರದಲ್ಲಿ ಯೂನಿಟ್ರೀ ಕಂಪನಿಯ ಜಿ1 ಎಂಬ, ಸುಮಾರು 35 ಕಿಲೋ ತೂಕದ ಮನುಷ್ಯಾಕಾರದ ರೋಬೋಟುಗಳಿಗೆ ಕೈಗವಸು ತೊಡಿಸಿ ಮುಷ್ಟಿಯುದ್ಧ ಆಡಿಸಿದರು, ಅದು ದೂರದರ್ಶನದಲ್ಲಿಯೂ ಪ್ರಸಾರವಾಯಿತು. ಅಲ್ಲಿಯೂ ನಡೆಸುವ ಮನುಷ್ಯರಿದ್ದರು, ತೀರ್ಪುಗಾರರಿದ್ದರು. ಈ ಯಾವುದಕ್ಕೂ ನನ್ನ ಆಕ್ಷೇಪವಿಲ್ಲ, ಕಥೆಯ ಲೇಖಕರದೂ ಇಲ್ಲ. ನಿಲ್ಲಿಸುವ ದಾರಿ ತೆರೆದಿದೆಯೇ ಎಂಬುದೊಂದೇ ನಾನು ಕೇಳುವ ಪ್ರಶ್ನೆ.

ನೀವೇ ಟಗರಿನ ಮಾತೆತ್ತಿದಿರಿ, ಒಳ್ಳೆಯದಾಯಿತು. ಜಾತ್ರೆಯ ಕುಸ್ತಿಯಲ್ಲಿ ಪೈಲ್ವಾನ ತಾನಾಗಿ ಕೆಂಪು ಮಣ್ಣು ಮುಟ್ಟಿ ನಮಸ್ಕರಿಸಿ ಇಳಿಯುತ್ತಾನೆ, ಬೆನ್ನು ಮಣ್ಣಿಗೆ ಹತ್ತಿದರೆ ಆಟ ಮುಗಿಯಿತು. ಟಗರನ್ನು ಯಾರೂ ಕೇಳುವುದಿಲ್ಲ. ಕುಂದಗೋಳದ ಕಡೆಯ ಒಂದು ಊರಿನಲ್ಲಿ ನಾನು ಕಂಡ ಕಾಳಗದಲ್ಲಿ ಹಾಲುಹಲ್ಲು, ಎರಡು ಹಲ್ಲು, ನಾಲ್ಕು ಹಲ್ಲು ಎಂದು ಟಗರುಗಳ ಬಾಯಿ ಬಿಡಿಸಿ ನೋಡಿ ಜೋಡಿ ಕಟ್ಟುತ್ತಿದ್ದರು. ಹುರುಳಿ, ಹಾಲು, ಮೊಟ್ಟೆ ತಿನ್ನಿಸಿ ಮಗನಂತೆ ಸಾಕಿದ ಮಾಲೀಕನೇ ಅದನ್ನು ಹಿಂದಕ್ಕೆ ಎಳೆದು ಬಿಡುತ್ತಿದ್ದ. ಹಣೆಗೆ ಹಣೆ ಬಡಿದ ಸಪ್ಪಳ ಹೊಲದ ಆಚೆ ಬದುವಿನವರೆಗೆ ಕೇಳುತ್ತಿತ್ತು. ಒಂದು ಟಗರು, ಕೊಂಬಿನ ಬುಡದಲ್ಲಿ ನೆತ್ತರು ಜಿನುಗುತ್ತಿದ್ದದ್ದು, ಓಡಿ ಬರುವ ಎದುರಾಳಿಯನ್ನು ಕ್ಷಣ ನೋಡಿ ಮುಖ ತಿರುಗಿಸಿ ಜನರ ಕಾಲುಗಳ ನಡುವೆ ನುಗ್ಗಿತು. ಅಲ್ಲಿಗೆ ಅದು ಸೋತಿತು, ಕಾಳಗ ನಿಂತಿತು, ಮಾಲೀಕ ಅದರ ಹಣೆಗೆ ಅರಿಸಿನ ಮೆತ್ತಿದ. ಅಷ್ಟು ಕ್ರೂರವಾದ ಆಟದಲ್ಲಿಯೂ ಬೆನ್ನು ತಿರುಗಿಸುವುದಕ್ಕೆ ಬೆಲೆಯಿತ್ತು. ಕಥೆಯ ರೋಬೋಟಿಗೆ ಅದನ್ನೂ ಉಳಿಸಿಲ್ಲ. ಆದ್ದರಿಂದಲೇ ಆ ಕಣ ಟಗರಿನ ಕಣಕ್ಕಿಂತ ಒಂದು ಮೆಟ್ಟಿಲು ಕೆಳಗಿದೆ ಎಂದು ನಾನು ಹೇಳುತ್ತೇನೆ.

ಇಲ್ಲಿ ನನ್ನ ಹಳೆಯ ಸಂಕಟವೊಂದನ್ನು ಹೇಳದಿರಲಾರೆ. ಪ್ರಾಣಿಗಳನ್ನು ಕಾಳಗಕ್ಕೆ ಪ್ರಚೋದಿಸುವುದು, ಅದಕ್ಕಾಗಿ ಜಾಗ ನಡೆಸುವುದು, ಎರಡೂ 1960ರ ಕಾಯ್ದೆಯ 11ನೇ ಕಲಮಿನಲ್ಲಿ ಅಪರಾಧ. ಆ ಕಾಯ್ದೆ ಬರೆದಾಗ ಮೊದಲ ಅಪರಾಧಕ್ಕೆ ಇಟ್ಟ ದಂಡ ಐವತ್ತು ರೂಪಾಯಿಯವರೆಗೆ. ಗೆದ್ದ ಟಗರಿನ ಬೆಲೆ ಲಕ್ಷದ ಮಾತಾಗಿರುವಾಗ ಐವತ್ತು ರೂಪಾಯಿಯ ದಂಡ ಯಾರನ್ನು ತಡೆದೀತು? ಜೀವವಿರುವ, ನೆತ್ತರು ಸುರಿಯುವ ಪ್ರಾಣಿಗೇ ಇಷ್ಟು ಬೆಲೆ ಕಟ್ಟಿದ ನಾವು, ನೋವು ಇದೆಯೋ ಇಲ್ಲವೋ ಎಂಬ ಪ್ರಶ್ನೆ ಇತ್ಯರ್ಥವಾದ ಮೇಲೆ ಕರುಣೆ ತೋರಿಸುತ್ತೇವೆ ಎಂದರೆ ನಂಬುವುದು ಹೇಗೆ? ಟಗರಿನ ನೋವು ಎಂದೋ ಇತ್ಯರ್ಥವಾಗಿದೆ. ಅದರಿಂದ ಟಗರಿಗೆ ಏನು ಸಿಕ್ಕಿತು?

ಗಣಿತದವರಾದ ನೀವು ವರ್ಗೀಕರಣವನ್ನು ನಂಬುತ್ತೀರಿ: ಈ ಕಡೆ ಮನುಷ್ಯ, ನಡುವೆ ಪ್ರಾಣಿ, ಆ ಕಡೆ ಕಬ್ಬಿಣ. ಕ್ರಿಸ್ತಪೂರ್ವ ಒಂದನೆಯ ಶತಮಾನದಲ್ಲಿ ರೋಮಿನ ವಿದ್ವಾಂಸ ವಾರೊ ಕೃಷಿಯನ್ನು ಕುರಿತು ಬರೆಯುತ್ತ ಹೊಲದ ಉಪಕರಣಗಳನ್ನು ಹೀಗೆಯೇ ಮೂರು ಬಗೆಯಾಗಿ ವಿಂಗಡಿಸಿದ. ಮೂಕ ಉಪಕರಣ, ಅಂದರೆ ಬಂಡಿ. ಅರೆಮಾತಿನ ಉಪಕರಣ, ಅಂದರೆ ಎತ್ತು. ಮಾತನಾಡುವ ಉಪಕರಣ, ಅಂದರೆ ಗುಲಾಮ. ಆ ಪಟ್ಟಿಯನ್ನು ನಂಬಿದ ಸಮಾಜವೇ ಗ್ಲಾಡಿಯೇಟರ್ ಶಾಲೆಗಳನ್ನು, ಅಂದರೆ ಜನರ ಮೋಜಿಗಾಗಿ ಕಣದಲ್ಲಿ ಕಾದಾಡುವವರನ್ನು ಪಳಗಿಸುವ ಶಾಲೆಗಳನ್ನು, ನಡೆಸಿತು. ಕ್ರಿ.ಪೂ. 73ರಲ್ಲಿ ಇಟಲಿಯ ಕಪುವಾ ನಗರದ ಅಂಥ ಶಾಲೆಯೊಂದರಿಂದ ಸ್ಪಾರ್ಟಕಸ್ ಮತ್ತು ಎಪ್ಪತ್ತರಷ್ಟು ಸಂಗಡಿಗರು ಅಡುಗೆಮನೆಯ ಚಾಕು, ಕಬ್ಬಿಣದ ಸರಳು ಹಿಡಿದು ತಪ್ಪಿಸಿಕೊಂಡಾಗ ರೋಮಿಗೆ ಅದು ಉಪಕರಣಗಳ ದಂಗೆಯಾಗಿಯೇ ಕಂಡಿರಬೇಕು. ಎರಡು ವರ್ಷಗಳ ನಂತರ ಸೆರೆಸಿಕ್ಕ ಆರು ಸಾವಿರ ಜನರನ್ನು ಕಪುವಾದಿಂದ ರೋಮಿನವರೆಗಿನ ದಾರಿಯುದ್ದಕ್ಕೂ ಶಿಲುಬೆಗೇರಿಸಿದರು. ರೋಬೋಟು ಗುಲಾಮನಿಗೆ ಸಮ ಎಂದು ನಾನು ಹೇಳುತ್ತಿಲ್ಲ. ಯಾರು ಉಪಕರಣ ಎಂಬುದನ್ನು ಕಣದ ಮಾಲೀಕನೇ ತೀರ್ಮಾನಿಸಿದ ಚರಿತ್ರೆ ನಮ್ಮ ಹಿಂದೆ ಇದೆ ಎನ್ನುತ್ತಿದ್ದೇನೆ.

ಇನ್ನು ನೋಡುವವರ ಮಾತು. ರೋಮಿನ ತತ್ತ್ವಜ್ಞಾನಿ ಸೆನೆಕಾ ತನ್ನ ಗೆಳೆಯನಿಗೆ ಬರೆದ ಪತ್ರವೊಂದರಲ್ಲಿ, ಕಣದ ಮಧ್ಯಾಹ್ನದ ಆಟವನ್ನು ನೋಡಲು ಹೋಗಿ, ರಕ್ಷಾಕವಚವಿಲ್ಲದ ಜನ ಒಬ್ಬರನ್ನೊಬ್ಬರು ಕೊಲ್ಲುವುದನ್ನು ಕಂಡು, ಮನುಷ್ಯರ ನಡುವೆ ಇದ್ದು ಬಂದುದರಿಂದಲೇ ತಾನು ಇನ್ನಷ್ಟು ಕ್ರೂರನಾಗಿ ಮನೆಗೆ ಮರಳಿದೆ ಎನ್ನುತ್ತಾನೆ. ಕಣದಲ್ಲಿ ಬಿದ್ದವರ ವಿಚಾರ ಒತ್ತಟ್ಟಿಗಿರಲಿ, ಕಟ್ಟೆಯ ಮೇಲೆ ಕುಳಿತವನಿಗೆ ಆಗುವ ಹಾನಿ ಸೆನೆಕಾನಿಗೆ ಗೊತ್ತಿತ್ತು. 2013ರಲ್ಲಿ ಜಿನೀವಾದಲ್ಲಿ ಕೇಟ್ ಡಾರ್ಲಿಂಗ್ ಎಂಬ ಸಂಶೋಧಕಿ ಸಂಗಾತಿಯೊಬ್ಬರೊಡನೆ ಒಂದು ಕಮ್ಮಟ ನಡೆಸಿದರು. ಬಂದವರಿಗೆ ಪ್ಲಿಯೋ ಎಂಬ ಡೈನೊಸಾರ್ ಮರಿಯ ರೋಬೋಟುಗಳನ್ನು ಕೊಟ್ಟು, ಹೆಸರಿಟ್ಟು ಆಡಿಸಲು ಹೇಳಿ, ಕೊನೆಗೆ ಕೊಡಲಿ, ಸುತ್ತಿಗೆ ಕೊಟ್ಟು ಒಡೆಯಿರಿ ಎಂದರು. ಅವು ಬ್ಯಾಟರಿಯ ಆಟಿಕೆಗಳೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು, ಆದರೂ ಯಾರ ಕೈಯೂ ಏಳಲಿಲ್ಲ. ಒಬ್ಬರಾದರೂ ಒಂದನ್ನು ಒಡೆಯದಿದ್ದರೆ ಎಲ್ಲವನ್ನೂ ನಾಶ ಮಾಡುತ್ತೇವೆ ಎಂದು ಹೆದರಿಸಿದ ಮೇಲೆ ಒಬ್ಬಾತ ಮುಂದೆ ಬಂದ. ಆ ಜನರನ್ನು ಭಾವುಕರೆಂದು ನೀವು ತಳ್ಳಿಹಾಕಬಹುದು. ನನಗೆ ಅವರು ಆರೋಗ್ಯವಂತರಾಗಿ ಕಾಣುತ್ತಾರೆ.

ನಮ್ಮ ನಾಡಿನ ನಡವಳಿಕೆಯೂ ಇದೇ ಅಲ್ಲವೇ? ಮಣ್ಣೆತ್ತಿನ ಅಮಾವಾಸ್ಯೆಗೆ ಧಾರವಾಡದ ಪೇಟೆಯಿಂದ ಒಂದು ಜೋಡಿ ಮಣ್ಣಿನ ಎತ್ತು ತಂದು, ಜಗಲಿಯ ಮೇಲಿಟ್ಟು, ಹೋಳಿಗೆ ನೈವೇದ್ಯ ಹಿಡಿದು, ಆಮೇಲೆ ನೀರಿಗೆ ಬಿಡುತ್ತೇವೆ. ಮಣ್ಣಿಗೆ ಹಸಿವಿಲ್ಲವೆಂದು ಮನೆಯ ಸಣ್ಣ ಕೂಸಿಗೂ ಗೊತ್ತು. ಆ ಎತ್ತನ್ನು ಕೂಸು ಒದ್ದರೆ ಅಜ್ಜಿ ಗದರುವುದಂತೂ ತಪ್ಪುವುದಿಲ್ಲ. ಆಯುಧಪೂಜೆಗೆ ಲೇತ್ ಯಂತ್ರಕ್ಕೆ ಹೂ ಏರಿಸುವ ಕಾರ್ಮಿಕನೂ ಅದಕ್ಕೆ ಜೀವ ಇದೆಯೆಂದು ಏರಿಸುವುದಿಲ್ಲ, ವರ್ಷವಿಡೀ ತನ್ನ ಜೊತೆ ದುಡಿದುದಕ್ಕೆ ಏರಿಸುತ್ತಾನೆ. ಹತ್ತನೆಯ ಶತಮಾನದ ಆತಕೂರಿನ ಶಾಸನ ನೋಡಿ. ಗಂಗ ದೊರೆ ಇಮ್ಮಡಿ ಬೂತುಗ ಕೊಟ್ಟ ಕಾಳಿ ಎಂಬ ನಾಯಿಯನ್ನು ಅವನ ವೀರ ಮಣಲೇರ ಕಾಡುಹಂದಿಯ ಮೇಲೆ ಬಿಟ್ಟ, ಹಂದಿಯೂ ನಾಯಿಯೂ ಒಟ್ಟಿಗೆ ಸತ್ತವು, ಆ ನಾಯಿಗೆ ಕಲ್ಲು ನಿಲ್ಲಿಸಿ ಭೂಮಿ ದತ್ತಿ ಬಿಟ್ಟರು. ಕಾಳಿಯೂ ಒಡೆಯನ ಅಪ್ಪಣೆಯ ಮೇಲೆಯೇ ಕಾದಾಡಿತು, ಅದನ್ನೂ ಯಾರೂ ಕೇಳಿರಲಿಲ್ಲ. ಆದರೆ ತನಗಾಗಿ ಕಾದಾಡಿದ ಜೀವದ ಋಣ ತನ್ನ ಮೇಲಿದೆಯೆಂದು ಒಡೆಯ ಕಲ್ಲಿನ ಮೇಲೆ ಬರೆಸಿದ. ಕಥೆಯ ಕಾರ್ಖಾನೆಯಲ್ಲಿ ಸೋತ ರೋಬೋಟನ್ನು ಗುಜರಿಯವನಿಗೆ ಕಿಲೋ ಲೆಕ್ಕದಲ್ಲಿ ತೂಗಿ ಹಾಕುತ್ತಾರೆ. ನಿಮ್ಮ ಪತ್ರದಲ್ಲಿ ಆ ಮಾಲೀಕನ ಬಗ್ಗೆ ಒಂದು ಸಾಲಿನ ಸಿಟ್ಟೂ ಇಲ್ಲದ್ದು ನನಗೆ ಬೇಸರ ತಂದಿತು, ಗುರುಗಳೇ. ಸಿಟ್ಟೆಲ್ಲ ಕಥೆ ಬರೆದವರ ಮೇಲೆ ಖರ್ಚಾಗಿದೆ.

ವಿದ್ಯಾರ್ಥಿಗಳ ಕೈಗೆ ಇದು ಸಿಗಬಾರದು ಎಂಬ ಮಾತನ್ನು ನಾನು ಖಂಡಿತ ಒಪ್ಪಲಾರೆ. ಕನ್ನಡದಲ್ಲಿ ಯಂತ್ರದ ಕಥೆ ಎಂದರೆ ಮಕ್ಕಳ ಪುರವಣಿಗೆ ತಳ್ಳುವ ಚಾಳಿ ಬಹಳ ದಿನಗಳಿಂದ ಇದೆ. ಮೊಬೈಲಿನಲ್ಲಿ ಹೊಡೆದಾಟದ ತುಣುಕುಗಳನ್ನು ಬೆರಳಿನಿಂದ ಸರಿಸುತ್ತ ನೋಡುವ ಅದೇ ಹುಡುಗರು ಈ ಪ್ರಶ್ನೆಯನ್ನು ಕನ್ನಡದಲ್ಲಿ ಓದುವುದು ಬೇಡವೆಂದರೆ ಮತ್ತೆಲ್ಲಿ ಓದಬೇಕು? ಯಾವ ಯಂತ್ರ ಯಾರ ಮಾತಿಗೆ ನಿಲ್ಲಬೇಕು, ಆ ನಿಲುಗಡೆಯನ್ನು ಕೀಳಲು ಯಾರಿಗೂ ಅವಕಾಶ ಸಿಗದಂತೆ ಹೇಗೆ ಬರೆಯಬೇಕು ಎಂಬುದನ್ನು ನಾಳೆ ನಿರ್ಧರಿಸುವವರು ಅವರೇ. ನಿಮ್ಮ ಬಳಿ ಲೆಕ್ಕ ಕಲಿತು ಹುಬ್ಬಳ್ಳಿ, ಬೆಂಗಳೂರುಗಳಲ್ಲಿ ಯಂತ್ರಗಳಿಗೆ ಬುದ್ಧಿ ಬರೆಯುತ್ತಿರುವ ಶಿಷ್ಯರ ಬಗ್ಗೆ ಪತ್ರದಲ್ಲಿ ಹೆಮ್ಮೆಯಿಂದ ಹೇಳಿಕೊಂಡಿದ್ದೀರಿ. ಅವರಿಗೆ ಈ ಕಥೆಯನ್ನೂ ನಿಮ್ಮ ಆಕ್ಷೇಪವನ್ನೂ ಒಟ್ಟಿಗೆ ಕಳಿಸಿ, ಕಣದ ಮಾಲೀಕ ಬಂದು ಆ ನಿಲುಗಡೆಯನ್ನು ತೆಗೆದುಕೊಡು ಎಂದರೆ ಏನು ಮಾಡುತ್ತೀರಿ ಎಂದು ಕೇಳಿ. ಅವರು ಬರೆದುದನ್ನು, ನಿಮ್ಮ ಪರವಾಗಿದ್ದರೂ ಸರಿಯೇ, ಮುಂದಿನ ಸಂಚಿಕೆಗಳಲ್ಲಿ ಪ್ರಕಟಿಸುತ್ತೇವೆ.